ದೇವರಕಾಡಿನಲ್ಲಿ ಅವ್ವ ಕೊಂದ ಪತಂಗ

ದೇವರಕಾಡಿನೊಳಗೆ ದೀಪ ಹಚ್ಚಿ ಪತಂಗ ನೋಡಲು ಊರ ಕಮಿಟಿಯ ಒಪ್ಪಿಗೆ ಬೇಕಿತ್ತು. ಅದಕ್ಕಾಗಿ ಬಾಳೂರಿನ ಏರನ್ನು ನಾಲ್ಕು ಸಲ ಹತ್ತಿಳಿದೆ. ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಹುಟ್ಟಿ ಡಿಗ್ರಿ ಮುಗಿಸಿದವರಲ್ಲಿ ನಮ್ಮ ಲೈನಿಗೆ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಆ ಕಾಡಿನ ಪತಂಗಗಳನ್ನು ವರ್ಷವಿಡೀ ಗುರುತಿಸಿ ಪಟ್ಟಿ ಮಾಡಬೇಕೆಂದು ಹಟ ಹಿಡಿದಿದ್ದೆ. ಅದಾದರೆ ಸ್ಟಾಫ್ ರೂಮಿನಲ್ಲಿ ನನಗೂ ಒಂದು ಕುರ್ಚಿ ಗಟ್ಟಿಯಾಗುತ್ತಿತ್ತು.

ಕಮಿಟಿಯ ಅಧ್ಯಕ್ಷರೆಂದರೆ ಅವ್ವ ಇಪ್ಪತ್ತಾರು ವರ್ಷ ದುಡಿದ ಎಸ್ಟೇಟಿನ ಸಾಹುಕಾರರೇ. "ಒಂದು ಸಂಜೆ ಮಾಡಿ ನೋಡನ. ಸರಿ ಬಂದ್ರೆ ವರ್ಷಕ್ಕೆ ಕೊಡನ. ಆದ್ರೆ ಒಳಗೆ ಒಂದು ಜೀವಾನೂ ಸಾಯ್ಬಾರ್ದು, ಅದು ಅಲ್ಲಿನ ಕಟ್ಟು," ಎಂದಿದ್ದರು. ಅಲ್ಲಿ ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿದರೂ ಹೊಸಕುವುದಿಲ್ಲ, ಬಿಡಿಸಿ ಎಲೆಯ ಮೇಲೆ ಬಿಡುತ್ತಾರೆ. ಇದನ್ನು ವಿದ್ಯಾರ್ಥಿಗಳಿಗೆ ಎರಡೆರಡು ಸಲ ಹೇಳಿದೆ. ಜೊತೆಗೆ ಕರೆದುಕೊಂಡು ಹೋದ ಅವ್ವನಿಗೆ ಹೇಳಲಿಲ್ಲ. ನಮ್ಮ ಲೈನಿನವರು ಕಾಡಂಚಿನ ಕಲ್ಲಿನ ಹತ್ತಿರ ಕಾಯಿ ಇಟ್ಟು ಬರುತ್ತಿದ್ದರೇ ಹೊರತು ಯಾವತ್ತೂ ಒಳಗೆ ಕಾಲಿಟ್ಟವರಲ್ಲ. ಒಳಗಿನ ಕಟ್ಟು ಅವಳಿಗೆ ತಿಳಿದಿರಲಾರದು ಎಂದು ನನಗೆ ಹೊಳೆಯಲೇ ಇಲ್ಲ. ಮಗಳು ನಡೆಸುವ ಕಾರ್ಯಕ್ರಮವನ್ನು ಅವಳು ನೋಡಲಿ ಎಂಬುದಷ್ಟೇ ತಲೆಯಲ್ಲಿತ್ತು.

ಮೊದಲ ಮಳೆ ಬಿದ್ದು ವಾರವಾಗಿತ್ತು. ಕತ್ತಲು ಕವಿಯುವ ಹೊತ್ತಿಗೆ ಎರಡು ಮರಗಳ ನಡುವೆ ಬಿಳಿ ಬೆಡ್‌ಶೀಟು ಕಟ್ಟಿ ಬ್ಯಾಟರಿ ಲೈಟು ಹಾಕಿದೆವು. ಸಾಹುಕಾರರು ಕೊಡೆ ಊರಿಕೊಂಡು ನಿಂತಿದ್ದರು. "ಬಟ್ಟೆ ಒಣಗ್ಹಾಕೋಕೂ ಈಗ ಡಿಗ್ರಿ ಬೇಕು ಕಣ್ರಪ್ಪ," ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿದರು. ಹುಡುಗರು ನಕ್ಕರು, ನಾನೂ ನಕ್ಕೆ.

ಪತಂಗಗಳು ಒಂದೊಂದಾಗಿ ಬಂದು ಬಟ್ಟೆಗೆ ಅಂಟಿಕೊಂಡವು. ಅವ್ವ ಹತ್ತಿರ ಬಂದು ಮೆಲ್ಲಗೆ, "ಇವೆಲ್ಲ ನಮ್ಮನೆ ಬಲ್ಬಿಗೆ ಬರೋವೇ. ಇದ್ನ ನೋಡೋಕೆ ಇಲ್ಲಿಗಂಟ ಬಂದ್ಯಾ?" ಎಂದಳು. ಆಮೇಲೆ ಪಕ್ಕದ ಮರದ ಕಡೆ ತಿರುಗಿ, "ಅಲ್ಲೊಂದು ಕೂತದೆ ನೋಡು," ಎಂದಳು.

ನಮಗೆ ಯಾರಿಗೂ ಕಾಣಲಿಲ್ಲ. ಟಾರ್ಚು ಬಿಟ್ಟರೂ ಬರೀ ತೊಗಟೆ. ಅವಳಿಗೆ ಕಾಣದೆ ಇರುತ್ತದೆಯೇ? ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳ ಹುಡುಕುವುದೇ ಅವಳ ಕೆಲಸವಾಗಿತ್ತು. ಗಿಡಗಿಡಕ್ಕೂ ಬಗ್ಗಿ ತೊಗಟೆ ಸವರುವುದು, ಹುಳ ಸಿಕ್ಕಿದರೆ ಹೆಬ್ಬೆರಳಿನಲ್ಲಿ ಒತ್ತಿ ಮುಗಿಸುವುದು. ಬಿಟ್ಟು ಮುಂದೆ ಹೋದರೆ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯ ಬೈಗುಳ.

ನಾವು ಇನ್ನೂ "ಎಲ್ಲಿ, ಎಲ್ಲಿ" ಅನ್ನುತ್ತಿರುವಾಗ ಅವಳು ಕೈ ಚಾಚಿದಳು. ತೋರಿಸುತ್ತಾಳೆ ಅಂದುಕೊಂಡೆ. ಹೆಬ್ಬೆರಳು ಒತ್ತಿ, ತಿರುವಿ, ಸೆರಗಿಗೆ ಒರೆಸಿಕೊಂಡಳು. ಒಂದು ರೆಕ್ಕೆ ತೊಗಟೆಯ ಮೇಲೆ ಉಳಿಯಿತು. ಅದರ ಒಳಮೈ ಕಿತ್ತಳೆ ಬಣ್ಣದ್ದಾಗಿತ್ತು.

ಅವ್ವ ನಮ್ಮ ಮುಖಗಳನ್ನು ನೋಡಿ, "ಯಾಕೆ, ಹುಳ ಅಲ್ವಾ?" ಎಂದಳು.

"ಹೋಯ್ತಲ್ಲ, ಒಂದು ಜೀವ ಹೋಯ್ತಲ್ಲ," ಎಂದರು ಸಾಹುಕಾರರು. ದನಿ ಏರಿಸಲಿಲ್ಲ. "ಹೊರಗಿನ ಕಲ್ಲಿಗೆ ಹಣೆ ಹಚ್ಚಿ ತಪ್ಪಾಯ್ತು ಅನ್ಲಿ. ಇಲ್ದಿದ್ರೆ ಇದು ಇಲ್ಲಿಗೇ ನಿಲ್ಲುತ್ತೆ. ಏನು ಮೇಡಂ, ಸರಿ ಅಲ್ವಾ?"

ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು.

ಎಲ್ಲರಿಗಿಂತ ಹೆಚ್ಚು ಹುಳ ಕೊಂದಳೆಂದು ಒಂದು ವರ್ಷ ಇದೇ ಸಾಹುಕಾರರು ಅವ್ವನಿಗೆ ಸೀರೆ ಕೊಟ್ಟಿದ್ದರು, ಎಲ್ಲ ಆಳುಗಳ ಮುಂದೆ. ಅವರ ತೋಟದ ಔಷಧಿ ಪಂಪು ಕಾಡಿನ ಬೇಲಿಯ ತನಕ ಬರುತ್ತದೆ. ಬೇಲಿಯಾಚೆ ತೋಟದಲ್ಲಿ ಎಷ್ಟು ಜೀವ ಹೋದರೂ ಯಾವ ಕಲ್ಲಿಗೂ ಯಾರೂ ಹಣೆ ಹಚ್ಚಿದ್ದಿಲ್ಲ. ಇದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ನೇರ ಮಾತಿನವಳು ಅಂತ ಕಾಲೇಜಿನಲ್ಲಿ ನನಗೆ ಹೆಸರೇ ಇದೆ.

"ಸರಿ ಸರ್," ಎಂದೆ. ಅವ್ವನಿಗೆ ಮೊದಲೇ ಹೇಳದೆ ಇದ್ದ ತಪ್ಪು ನನ್ನದು ಎಂದು ಕೂಡ ಹೇಳಲಿಲ್ಲ.

ಅವ್ವ ನಾನು ಕೈ ಹಿಡಿಯುವವರೆಗೂ ಕಾಯಲಿಲ್ಲ. ತಾನೇ ಹೊರಗೆ ಹೋಗಿ, ಟಾರ್ಚಿನ ಬೆಳಕಿನಲ್ಲಿ ಒದ್ದೆ ನೆಲಕ್ಕೆ ಮಂಡಿಯೂರಿ, ಪಾಚಿಗಟ್ಟಿದ ಕಲ್ಲಿಗೆ ಹಣೆ ಹಚ್ಚಿದಳು. "ತಪ್ಪಾಯ್ತು ಅಯ್ಯ," ಎಂದಳು. ಅದು ದೇವರಿಗೋ ಸಾಹುಕಾರರಿಗೋ ತಿಳಿಯಲಿಲ್ಲ. ವಿದ್ಯಾರ್ಥಿಗಳು ಆ ಕಡೆ ನೋಡದೆ ಕ್ಯಾಮರಾ ಒರೆಸುತ್ತಿದ್ದರು.

"ಆಯ್ತು, ವರ್ಷಕ್ಕೆ ಮಾಡ್ಕೊಳಿ," ಎಂದರು ಸಾಹುಕಾರರು. "ಅದೊಂದನ್ನ ಮಾತ್ರ ಪಟ್ಟಿಗೆ ಬರೀಬೇಡಿ."

ಬರೆಯಲಿಲ್ಲ.

ಟಾರ್ ರಸ್ತೆಗೆ ಇಳಿದ ಮೇಲೆ ಅವ್ವ ಸೆರಗಿನಿಂದ ಹಣೆ ಒರೆಸಿಕೊಂಡು, "ವರ್ಷಕ್ಕೆ ಕೊಟ್ರಲ್ಲ, ಇನ್ನೇನು," ಎಂದಳು. ನನಗೇ ಸಮಾಧಾನ ಹೇಳುತ್ತಿದ್ದಳು. ಅಲ್ಲೇ ನಿಂತು ಅವಳ ಕೈ ಹಿಡಿದುಕೊಳ್ಳಬಹುದಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ.

"ಕಂಡಿದ್ದನ್ನೆಲ್ಲ ಮುಟ್ಟೋಕೆ ಹೋಗ್ಬಾರ್ದು ಅವ್ವ," ಎಂದೆ, ತರಗತಿಯಲ್ಲಿ ಹೇಳುವ ಹಾಗೆ.

ಅವಳು "ಆಯ್ತು" ಎಂದಳು, ಎಸ್ಟೇಟಿನಲ್ಲಿ ಮೇಸ್ತ್ರಿಗೆ ಹೇಳುತ್ತಿದ್ದ ದನಿಯಲ್ಲಿ, ಒಂದು ಹೆಜ್ಜೆ ಹಿಂದೆ ಸರಿದು.