ಭಾಗ್ಯಳ ಹೆಸರಿನಲ್ಲಿ ಹಾರಿದ ಗಂಟೆಗಳು

ಬೇಗೂರಿನ ಭಾಗ್ಯಳಿಗೆ ಡ್ರೋನ್ ಹಾರಿಸುವ ಹುಚ್ಚು ಯಾವಾಗ ಹಿಡಿಯಿತೋ ಅವಳ ಗಂಡನಿಗೂ ತಿಳಿಯದು. ನಾಲ್ಕು ಮನೆಯವರು ಸೇರಿ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ತಂದಾಗ, ತರಬೇತಿಗೆ ಹೋಗಿ ಪೈಲಟ್ ಲೈಸೆನ್ಸ್ ಪಡೆದು ಬಂದವಳು ಅವಳೊಬ್ಬಳೇ. ಹೆಂಗಸಿಗೇಕೆ ಇದೆಲ್ಲ ಎಂದು ಮನೆಯವರು ಗೊಣಗಿದಾಗ, ಪಾಲುದಾರರಲ್ಲಿ ಹಿರಿಯನಾದ ಮರಿಮಲ್ಲಪ್ಪ ಹಟ ಹಿಡಿದು ಕಳಿಸಿದ್ದ. ಲೈಸೆನ್ಸ್ ಇದ್ದವರು ಹಾರಿಸಿದರೆ ಮಾತ್ರ ಇನ್ಶೂರೆನ್ಸ್ ಎಂದು ಕಂಪನಿಯವನು ಹೇಳಿದ್ದಕ್ಕೆ ಎಲ್ಲರೂ ತಲೆಯಾಡಿಸಿದರು. ಊರು ತಲುಪುವಷ್ಟರಲ್ಲಿ ಮರೆತೂ ಬಿಟ್ಟರು.

ಅವರದು ಮುಯ್ಯಾಳಿನ ಪದ್ಧತಿ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಡ್ರೋನೂ ಅದೇ ದಾರಿ ಹಿಡಿಯಿತು. ಬಿಡುವಿದ್ದವರು ರಿಮೋಟ್ ಹಿಡಿಯುವರು. ಆಪ್ ತೆರೆಯುವುದು ಮಾತ್ರ ಭಾಗ್ಯಳ ನಂಬರಿನಿಂದ. ಯಾರು ಹಾರಿಸಿದರೂ ಹಾರಾಟದ ಗಂಟೆ ಏರುವುದು ಅವಳ ಹೆಸರಿಗೆ. ಅವಳು ಬೇಡವೆನ್ನಲಿಲ್ಲ. ಗಂಟೆ ಹೆಚ್ಚಿದರೆ ಚಾಮರಾಜನಗರದ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಗಬಹುದೆಂಬ ಆಸೆ. ಪುಕ್ಕಟೆ ಬಂದದ್ದು ಯಾರಿಗೆ ಕಹಿ?

ಆ ಕೆಲಸದ ಸಂದರ್ಶನಕ್ಕೆ ಕರೆ ಬಂದೇ ಬಂತು. ಕೇಂದ್ರದ ಮುಖ್ಯಸ್ಥ ಶಿವರುದ್ರಸ್ವಾಮಿ ಕಂಪ್ಯೂಟರಿನಲ್ಲಿ ಅವಳ ಹಾರಾಟದ ಲೆಕ್ಕ ತೆರೆದು ಮೆಚ್ಚಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು.

"ಏನಮ್ಮ, ನನ್ನ ಮುಂದೆ ಕೂತಿದ್ದೀರಿ. ಬೇಗೂರಲ್ಲಿ ಈಗ ಹಾರಿಸ್ತಾ ಇರೋರೂ ನೀವೇ ಅಂತ ತೋರಿಸ್ತಿದೆಯಲ್ಲ?"

ಅಷ್ಟರಲ್ಲಿ ಭಾಗ್ಯಳ ಫೋನ್ ಬಡಿದುಕೊಂಡಿತು. ಮೈದುನ ಪ್ರದೀಪ್.

"ಅತ್ಗೆ, ಚೆಂಡುಹೂವಿನ ಹೊಲ್ದಲ್ಲಿ ಡ್ರೋನ್ ನನ್ ಕೈಗೆ ಸಿಗ್ದಂಗಾಗೋಯ್ತು. ಬೀಳ್ತದೆ ಅಂತ ಮರಿಮಲ್ಲಪ್ಪಣ್ಣ ಇಡ್ಕೊಳಕ್ಕೆ ಓದ. ರೆಕ್ಕೆಗೆ ಸಿಕ್ಕಿ ಕೈಬೆಳ್ಳು ಕತ್ತರ್ಸೋಯ್ತು."

ಅವಳು ಹೇಳದೆ ಕೇಳದೆ ಎದ್ದು ಬಂದಳು. ಸಿಕ್ಕ ಬಸ್ಸು ಹತ್ತಿದಳು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಮರಿಮಲ್ಲಪ್ಪ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು.

"ಪೊಲೀಸ್ನೋರು ಬಂದಿದ್ರು ಕಣವ್ವ. ಡ್ರೋನ್ ಬುಡ್ತಿದ್ದೋಳು ನೀನೇ ಅಂತ ಬರ್ಸಿವ್ನಿ. ಇಲ್ದಿದ್ರೆ ಇನ್ಶೂರೆನ್ಸ್ ಬರಕಿಲ್ವಂತೆ."

ಭಾಗ್ಯ ಮಂಚದ ಹತ್ತಿರ ಬಂದಳು. "ನಾನ್ ಊರಲ್ಲೇ ಇರ್ನಿಲ್ವಲ್ಲಣ್ಣ."

ಮರಿಮಲ್ಲಪ್ಪನಿಗೆ ನಿಜಕ್ಕೂ ಅಚ್ಚರಿಯಾಯಿತು. "ಇಷ್ಟ್ ದಿಸ ಎಲ್ಲಾರ್ ಗಂಟೇನೂವೆ ನಿನ್ ಎಸ್ರಿಗೇ ಆಕುಸ್ಕಂಡ್ಯಲ್ಲವ್ವ. ಇದೊಂದ್ಯಾಕೆ ಬ್ಯಾಡ ಅಂತೀಯೆ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಹೊತ್ತಿನಲ್ಲಿ ಅವಳು ಎಲ್ಲಿದ್ದಳೆಂದು ಶಿವರುದ್ರಸ್ವಾಮಿ ಕಣ್ಣಾರೆ ಕಂಡಿದ್ದರು. ಕಾಣದಿದ್ದರೆ ತಾನು ಒಪ್ಪಿಬಿಡುತ್ತಿದ್ದೆನೇ ಎಂದು ಕೇಳಿಕೊಂಡಾಗ ಅವಳಿಗೆ ತನ್ನ ಮೇಲೆಯೇ ಭಯವಾಯಿತು.

"ಪೊಲೀಸ್ನೋರ್ಗೆ ನಾನಲ್ಲ ಅಂತ ಯೋಳ್ತೀನಿ ಅಣ್ಣ. ಇಷ್ಟ್ ದಿಸ ಡ್ರೋನ್ ಬುಟ್ಟಿದ್ದೂ ನಾನೊಬ್ಳೇ ಅಲ್ಲ ಅಂತ್ಲೂ ಯೋಳ್ತೀನಿ."

ಮರಿಮಲ್ಲಪ್ಪ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಆಮೇಲೆ ಗೋಡೆಯ ಕಡೆಗೆ ಹೊರಳಿದ.