ಅವ್ನಾ, ಕಾದಾ?

ಮೊನ್ನೆ ಪಕ್ಕದ ಮನೆಯವರು ಒಂದು ಪುಟ್ಟಿ ಬಾದಾಮಿ ಮಾವಿನಹಣ್ಣು ಕಳಿಸಿದ್ದರು. ಮೇಲೆ ಹೊದಿಸಿದ್ದ ಹುಲ್ಲು ಸರಿಸಿದೆ. ಕಾವು ಹಿಡಿದ ಹುಲ್ಲಿನ ವಾಸನೆ, ಅದರಡಿಯಿಂದ ಹಣ್ಣಿನ ಸಿಹಿ, ನಡುವೆ ಎಲ್ಲೋ ಕೊಳೆತ ಒಂದರ ಹುಳಿ... ಪುಟ್ಟಿಯನ್ನು ಹಾಗೇ ಬಿಟ್ಟು ಅಡುಗೆಮನೆ ಗೋಡೆಗೆ ಒರಗಿ ನಿಂತುಬಿಟ್ಟೆ. ನನ್ನ ಓರಗಿತ್ತಿಯ ನೆನಪಿಗೆ ಈ ವಾಸನೆ ಬಿಟ್ಟು ಬೇರೆ ವಾಸನೆ ಇಲ್ಲ.

ಶ್ರೀನಿವಾಸಪುರದ ನಮ್ಮ ಮನೆಯ ಹಿಂದೆ ಮಾವಿನಕಾಯಿ ಅಡೆ ಹಾಕುವ ಕೋಣೆ ಇದೆ. ಕಿಟಕಿ ಇಲ್ಲ. ಹುಲ್ಲಿನಲ್ಲಿ ಮುಚ್ಚಿಟ್ಟ ಕಾಯಿ ಹಣ್ಣಾಗುವವರೆಗೆ ಗಾಳಿ ಆಡಬಾರದೆಂದು ಬಾಗಿಲು ಹಾಕಿಯೇ ಇರಬೇಕು. ಸೀಸನ್ ಬಂತೆಂದರೆ ಮಧ್ಯಾಹ್ನವೆಲ್ಲ ನಾವಿಬ್ಬರು ಸೊಸೆಯಂದಿರು ಒಳಗೆ ಕೂತು ಕೊಳೆತದ್ದನ್ನು ಆರಿಸಿ ತೆಗೆಯುತ್ತಿದ್ದೆವು. ಅವಳು ನನ್ನ ಮೈದುನನ ಹೆಂಡತಿ, ಪುಂಗನೂರಿನ ಕಡೆಯವಳು, ಬಿ.ಎ. ಮುಗಿಸಿದವಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಆದರೂ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ ಇಡೀ ಮನೆಯಲ್ಲಿ ನಮಗೆ ಅದೊಂದೇ ಇತ್ತು.

ಅವಳ ಫೋನಿನಲ್ಲಿ ಕೋರ್ಟಿನ ಆಟವೊಂದಿತ್ತು. ಕೊಲೆಯೋ ಕಳ್ಳತನವೋ ಆಗಿರುತ್ತದೆ. ಆಡುವವರು ಆರೋಪಿಯ ಕಡೆ ವಕೀಲರು. ಸಾಕ್ಷಿಗಳ ಮಾತಿನಲ್ಲಿ ಸುಳ್ಳು ಹುಡುಕಬೇಕು. ಎದುರಿಗೆ ಸರ್ಕಾರಿ ವಕೀಲ. ಕೇಸು ಬದಲಾದರೂ ಅವನು ಬದಲಾಗುತ್ತಿರಲಿಲ್ಲ. ತೆಳ್ಳಗಿನ ಮನುಷ್ಯ, ಕುತ್ತಿಗೆವರೆಗೂ ಗುಂಡಿ ಹಾಕಿದ ಕರಿ ಕೋಟು, ಹಿಂದೆ ಕುರ್ಚಿ ಇದ್ದರೂ ಕೂರುವವನಲ್ಲ. ಸಾಕ್ಷಿ ಸುತ್ತಿ ಬಳಸಿ ಮಾತಾಡಲು ಹೊರಟರೆ ಕಣ್ಣು ಮುಚ್ಚಿಕೊಂಡು, ಹೌದೋ ಅಲ್ಲವೋ ಎಂದಷ್ಟೇ ಕೇಳುತ್ತಿದ್ದ. ಉತ್ತರ ಬರುವವರೆಗೆ ಆಟ ಅಲ್ಲೇ ನಿಲ್ಲುತ್ತಿತ್ತು.

ಆಟ ಇಂಗ್ಲಿಷಿನದು, ನನಗೆ ಅಷ್ಟು ಬೇಗ ಓದಲು ಬರದು. ಹಾಗಾಗಿ ಅವಳು ಓದಿ ಹೇಳುತ್ತಾ ಹೇಳುತ್ತಾ ಆ ಸರ್ಕಾರಿ ವಕೀಲನೇ ಆಗಿಬಿಟ್ಟಳು; ನಾನು ಎದುರು ಕಡೆಯವಳು. ಗಂಟಲು ದಪ್ಪ ಮಾಡಿಕೊಂಡು ತನ್ನ ಮನೆಮಾತು ತೆಲುಗಿನಲ್ಲಿ ಕೇಳುತ್ತಿದ್ದಳು, “ಅವ್ನಾ, ಕಾದಾ?” ಹೌದಾ, ಅಲ್ಲವಾ ಎಂದು. ಎಷ್ಟು ಗಂಭೀರವಾಗಿ ಕೇಳುತ್ತಿದ್ದಳೆಂದರೆ, ನಾನು ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು ಉತ್ತರ ಹುಡುಕುತ್ತಿದ್ದೆ.

“ಅಕ್ಕ, ನೀವು ಕಳ್ಳನ್ನ ಕಂಡ್ರೂ ಅಯ್ಯೋ ಪಾಪ ಅಂತೀರ. ಅದಕ್ಕೇ ಸೋಲ್ತೀರ.”

“ನಿನ್ನ ಲಾಯರಿಗೆ ಪಾಪ ಪುಣ್ಯ ಏನೂ ಬೇಡ್ವೇನೇ?”

“ಪಾಪ ಅನ್ನೋರು ಈ ಮನೇಲಿ ಬೇಕಾದಷ್ಟು ಜನ ಇದ್ದಾರೆ ಬಿಡಿ. ನೇರವಾಗಿ ಕೇಳೋರು ಒಬ್ರೂ ಇಲ್ಲ.”

ಒಂದು ಕೇಸಿನಲ್ಲಿ ಅವನು ಇನ್ನೇನು ಗೆಲ್ಲಬೇಕು, ಆರೋಪಿ ತಪ್ಪು ಮಾಡಿಲ್ಲವೆಂದು ಅವನಿಗೇ ಹೊಳೆಯುತ್ತದೆ. ಅದನ್ನು ಮುಚ್ಚಿಡದೆ ತಾನೇ ಆ ಪ್ರಶ್ನೆ ಎತ್ತಿ ತನ್ನ ಕೇಸನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ನಾನು ಗೆದ್ದೆ ಎಂದು ಕುಣಿದೆ. ಅವಳು ನಗಲಿಲ್ಲ. “ಗೆದ್ದಿದ್ದು ನೀವಲ್ಲಕ್ಕ” ಎಂದಳು.

ಮದುವೆಯ ಮಾತುಕತೆಯಲ್ಲಿ ಮೈದುನ ಅವಳಿಗೆ ಮಾತು ಕೊಟ್ಟಿದ್ದ, ಕೋಲಾರದಲ್ಲಿ ಲಾ ಓದಿಸುತ್ತೇನೆಂದು. ಆಮೇಲೆ ಪ್ರತಿ ಸಲವೂ ಏನಾದರೊಂದು ಅಡ್ಡ. ಆ ವರ್ಷದ ಅಡ್ಮಿಷನ್ ಶುರುವಾಗುವುದರಲ್ಲಿತ್ತು. ಈ ಸಲ ಬಿಟ್ಟರೆ ಇನ್ನು ಈ ಮನೆ ದಾಟುವುದಿಲ್ಲ ಅಕ್ಕ ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದಳು.

ಆಗ ನಮ್ಮ ಅತ್ತೆ ತೀರಿಕೊಂಡಿದ್ದರು. ಮನೆ ನೋಡಿಕೊಳ್ಳಲು ತುಮಕೂರು ಕಡೆಯಿಂದ ಅವರ ಅಕ್ಕ ಬಂದಿದ್ದರು. ನಾವು ದೊಡ್ಡತ್ತೆ ಅನ್ನುತ್ತಿದ್ದೆವು. ಅವರಿಗೆ ತೆಲುಗು ಒಂದಕ್ಷರ ಬಾರದು. ಒಂದು ಸಂಜೆ ಮೈದುನ ಮಾವಿನ ಮಂಡಿಯಿಂದ ಬರುತ್ತಲೇ ಅವರು ನಮ್ಮೆಲ್ಲರನ್ನೂ ನಡುಮನೆಗೆ ಕರೆದರು.

“ನಿನ್ನ ಹೆಂಡ್ತಿ ಬಾಗಿಲು ಹಾಕ್ಕೊಂಡು ಯಾವನ ಜೊತೇನೋ ಫೋನಲ್ಲಿ ಮಾತಾಡ್ತಾಳೆ ಕಣೋ. ಗಂಡಸಿನ ದನಿ. ಅವ್ನಾ? ಕಾದಾ? ಅಂತ ಕೇಳ್ತಾನೆ. ಯಾವನು ಕಾದ? ಎಲ್ಲಿ ಕಾದ? ನನ್ನ ಕಿವಿ ಇನ್ನೂ ಕೆಟ್ಟಿಲ್ಲ.”

ಮೈದುನ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕ. “ಅಯ್ಯೋ ದೊಡ್ಡಮ್ಮ, ಅದು ತೆಲುಗು! ಹೌದಾ, ಅಲ್ವಾ ಅಂತ. ಅದು ಇವಳದೇ ದನಿ, ಆಟ ಆಡ್ತಾಳೆ. ಯಾವನೂ ಕಾದಿಲ್ಲ, ಎಲ್ಲೂ ಕಾದಿಲ್ಲ!” ನಮ್ಮೆಜಮಾನರೂ ನಕ್ಕರು. ನಾನೂ ನಕ್ಕೆ... ಸದ್ಯ, ಮುಗಿಯಿತಲ್ಲ ಎಂದು.

ಅವಳು ಮಾತ್ರ ಇದ್ದಲ್ಲೇ ನಿಂತಿದ್ದಳು. ನಗು ನಿಲ್ಲಲಿ ಎಂದು ಕಾದು ಕೇಳಿದಳು.

“ರೀ, ಮದುವೆಗೆ ಮುಂಚೆ ಲಾ ಓದಿಸ್ತೀನಿ ಅಂದಿದ್ರಿ. ಅವ್ನಾ, ಕಾದಾ?”

“ಇದೇನೇ, ಎಲ್ಲರ ಮುಂದೆ... ಈಗ ಬಂದಿದೀನಿ, ಕಾಫಿ ಕೊಡು ಹೋಗು.”

ಅವಳು ಅಲುಗಲಿಲ್ಲ. ದನಿ ಎತ್ತಲೂ ಇಲ್ಲ. ಮತ್ತೆ ಅದನ್ನೇ ಕೇಳಿದಳು. ಮೈದುನ ಫ್ಯಾನು ನೋಡಿದ, ಅಣ್ಣನ ಮುಖ ನೋಡಿದ. ಕೊನೆಗೆ ಸಣ್ಣ ದನಿಯಲ್ಲಿ, ತೆಲುಗಿನಲ್ಲೇ, “ಅವ್ನು” ಎಂದ, ಹೌದು ಎಂದು.

“ಯಾವನು?” ಎಂದರು ದೊಡ್ಡತ್ತೆ. ಈ ಸಲ ಯಾರೂ ನಗಲಿಲ್ಲ.

ಆಟದಲ್ಲಿ ಸಾಕ್ಷಿ ಹೌದು ಎಂದ ಮೇಲೆ ಕೇಸು ಮುಂದೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹೋಗಲಿಲ್ಲ. ಸೀಸನ್ ಮುಗಿಯಲಿ, ಖಂಡಿತ ಸೇರಿಸುತ್ತೇನೆ ಎಂದ ಮೈದುನ. ಸೀಸನ್ ಮುಗಿಯಿತು, ಅಡ್ಮಿಷನ್ನೂ ಮುಗಿಯಿತು. ಮುಂದಿನ ವರ್ಷ ಖಂಡಿತ ಎಂದ. ದೊಡ್ಡತ್ತೆ ಅಡೆ ಕೋಣೆಯ ಒಳಚಿಲಕ ತೆಗೆಸಿಹಾಕಿದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲರೂ ಅವಳ ಹತ್ತಿರ ಮೊದಲಿಗಿಂತ ಮೆತ್ತಗೆ ಮಾತಾಡಿದರು.

“ಇಲ್ಲ ಅಂದಿದ್ರೆ ಜಗಳ ಆಡ್ಬೋದಿತ್ತಕ್ಕ” ಎಂದಳು ಒಂದು ದಿನ, ಹುಲ್ಲು ಒಟ್ಟುತ್ತಾ. “ಹೌದು ಅಂದ್ಬಿಟ್ರು. ಇನ್ನು ಏನಂತ ಕೇಳ್ಲಿ?”

ಆ ಕೋಣೆಯಲ್ಲಿ ಅವಳು ಕಣ್ಣು ಮುಚ್ಚಿ ಪ್ರಶ್ನೆ ಕೇಳಿದ್ದನ್ನು ಆಮೇಲೆ ನಾನು ನೋಡಲಿಲ್ಲ. ಮುಂದಿನ ಸಲ ಮಾವು ಹೂ ಬಿಡುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವಳು ಕೊನೆಗೂ ಕೋಲಾರಕ್ಕೆ ಹೋದದ್ದು ಹಾಗೆ... ಜೀವಂತ ತಿರುಗಿ ಬರಲಿಲ್ಲ.

ದೊಡ್ಡತ್ತೆ ತಮ್ಮ ಊರಿಗೆ ಮರಳಿ ಸುಮಾರು ಕಾಲವಾಯಿತು. ಮೈದುನ ಮತ್ತೆ ಮದುವೆಯಾಗಲಿಲ್ಲ. ಈಗ ಮನೆಗೆ ನಾನೇ ಹಿರಿಯಳು. ನಾನು ಏನು ಹೇಳಿದರೂ “ಹೂಂ ಅತ್ತಿಗೆ” ಅನ್ನುತ್ತಾನೆ. ನನ್ನ ಮಕ್ಕಳೂ ಎದುರಾಡುವುದಿಲ್ಲ. ಒಳ್ಳೆಯ ಮನೆ ಎಂದು ಬಂದವರು ಹೊಗಳಿ ಹೋಗುತ್ತಾರೆ. ಎದುರಿಗೆ ನಿಲ್ಲುವವರಿಲ್ಲದೆ ಈ ಮನೆ ಎಷ್ಟು ಇಕ್ಕಟ್ಟಾಗಿದೆ ಎಂದು ಯಾರಿಗೆ ಹೇಳಲಿ?

ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಬಾಯಿಗೆ ಇಡಲಾಗದಷ್ಟು ಉಪ್ಪು. ಎಲ್ಲರೂ ತಲೆ ಬಗ್ಗಿಸಿ ಉಂಡು, ಕೈ ತೊಳೆದು ಎದ್ದು ಹೋದರು.