ಪುಸ್ತಕ ಮುಚ್ಚಿದ ಮೇಲೂ ಓದುತ್ತಿದ್ದವಳು

ಗೊತ್ತಿಲ್ಲದ ಪದ ಬಂದಾಗ ಅವಳ ಎಡಗಾಲಿನ ಹೆಬ್ಬೆರಳು ನೆಲ ಬಿಟ್ಟು ಮೇಲೇಳುತ್ತಿತ್ತು. ಉಳಿದ ಬೆರಳುಗಳು ಕದಲುತ್ತಿರಲಿಲ್ಲ. ಪದ ಸಿಕ್ಕರೆ ಹೆಬ್ಬೆರಳು ಇಳಿಯುತ್ತಿತ್ತು. ಸಿಗದಿದ್ದರೆ, ನಾನೇ ಸೋತು ಪದವನ್ನು ಹೇಳಿಕೊಡುವವರೆಗೆ ಹಾಗೇ ನಿಂತಿರುತ್ತಿತ್ತು.

ಅವಳು ನನ್ನ ಅಕ್ಕನ ಮಗಳು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದೆ. ಮುಂದೇನು ಎಂಬುದನ್ನು ಮನೆಯಲ್ಲಿ ಯಾರೂ ತೀರ್ಮಾನಿಸಿರಲಿಲ್ಲ, ಹಾಗಾಗಿ ಬಂಡಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಹುಡುಗಿ ನಾಲ್ಕನೇ ಕ್ಲಾಸಿನಲ್ಲಿ ಒಮ್ಮೆ ನಪಾಸಾಗಿ ಮತ್ತೆ ಅಲ್ಲೇ ಕೂತಿದ್ದಳು. ಪಾಸಾದರೆ ಹನೂರಿನ ಶಾಲೆಗೆ. ಈ ಸಲವೂ ಆಗದಿದ್ದರೆ ಓದು ಬಿಡಿಸುವುದು ಎಂದು ಭಾವ ಹೇಳಿಬಿಟ್ಟಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. "ಏನವ್ವ ಬಿಯೆ, ನಿನ್ ಓದ್ನಲ್ಲಿ ಒಸಿ ಇವಳ ತಲೆಗೂ ಸುರಿ," ಎಂದು ನನ್ನನ್ನೇ ರೇಗಿಸುತ್ತಿದ್ದರು.

ಸುರಿಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮೊದಲು ಕಣ್ಣಿನ ದೋಷವೆಂದುಕೊಂಡೆ. ಅಕ್ಕನೂ ನಾನೂ ಅವಳನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದರು. ಅವಳು ದೊಡ್ಡ ಅಕ್ಷರವನ್ನೂ ಹೇಳಲಿಲ್ಲ. ಕನ್ನಡಕ ಬೇಕೇ ಬೇಕು ಎಂದು ಅವರು ಬರೆಯಲು ಕೂತಾಗ, ಹುಡುಗಿ ಬಾಗಿಲಿನಿಂದ ಬೀದಿಯ ಆ ತುದಿಗೆ ಕೈ ತೋರಿಸಿ, "ಅವ್ವ, ಬಸ್ನಲ್ಲಿ ನಮ್ಮ ಕೌದಳ್ಳಿ ಮಾವ ಕುಂತವ್ನೆ," ಎಂದಳು. ಬಸ್ಸು ಕಾಣುತ್ತಿತ್ತೇ ಹೊರತು ನನಗೆ ಮುಖಗಳು ಕಾಣಲಿಲ್ಲ. ಆಮೇಲೆ ತಿಳಿಯಿತು, ಮಾವ ನಿಜಕ್ಕೂ ಅದರಲ್ಲಿದ್ದರು. ಡಾಕ್ಟರು ಪೆನ್ನು ಮುಚ್ಚಿದರು.

ಹಾಗಾದರೆ ದಡ್ಡಿಯೇ? ಅದೂ ಅಲ್ಲ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಕೂತು ಬೀದಿಗೆಲ್ಲ ಕೇಳುವಂತೆ ಓದುವುದು ಆ ಮನೆಯ ಮಕ್ಕಳಿಗೆ ಇದ್ದ ಕ್ರಮ. ಇವಳು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದುತ್ತಿದ್ದಳು. ನಿಲ್ಲಿಸಬೇಕಾದಲ್ಲಿ ನಿಲ್ಲಿಸುತ್ತಿದ್ದಳು, ಪುಟವನ್ನೂ ಸರಿಯಾದ ಜಾಗದಲ್ಲೇ ತಿರುವುತ್ತಿದ್ದಳು. ಎದುರು ಮನೆಯವರು ಮೆಚ್ಚುತ್ತಿದ್ದರು. ಅದೇ ಪಾಠದ ನಡುವಿನಿಂದ ಒಂದು ಪದವನ್ನು ತೋರಿಸಿ ಇದೇನು ಎಂದರೆ ಹೆಬ್ಬೆರಳು ಮೇಲೇಳುತ್ತಿತ್ತು. ಒಂದು ಸಂಜೆ ನಾನು ಪುಟದ ಮೇಲೆ ಅಂಗೈ ಇಟ್ಟೆ. ಅವಳು ನನ್ನ ಕೈಯನ್ನೇ ನೋಡುತ್ತ ಪಾಠ ಮುಗಿಸಿದಳು.

ಒಳಗೆ ಹೋಗಿ ಅಕ್ಕನಿಗೂ ಅವಳ ಅತ್ತೆಗೂ ಹೇಳಿದೆ. ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಬಾಯಿಗೆ ಬಂದ್ಮೇಲೆ ಪುಸ್ತಕ ಇದ್ರೇನು, ಬುಟ್ರೇನು?"

"ಅದು ಓದುವುದಲ್ಲ ಅಕ್ಕ."

"ಇನ್ನೇನದು, ಅಡುಗೆಯಾ?" ಎಂದರು ಅತ್ತೆ. "ನಾನು ದಿನಾ ಪೂಜೆಲಿ ವಚನ ಓದಾಕಿಲ್ವಾ? ನಂಗೇನ್ ಅಕ್ಷರ ಬಂದದಾ? ಈ ಕೂಸು ನನ್ನಂಗೇ ಕನವ್ವ. ಬುಡು ಅತ್ಲಾಗೆ."

ಅವರ ಮಾತು ತಪ್ಪೆಂದು ನನಗೆ ಗೊತ್ತಿತ್ತು. ಆದರೆ ಎಲ್ಲಿ ತಪ್ಪು ಎಂದು ತೋರಿಸಲು ಆಗಲಿಲ್ಲ. ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದ್ದೆ. ಅದರಲ್ಲಿ ಇಲಿಗಳು ದಾರಿ ಕಲಿಯುವ ವಿಷಯವಿತ್ತು, ಇಂಥ ಮಕ್ಕಳ ವಿಷಯ ಇದ್ದ ನೆನಪಿಲ್ಲ. ಮೊರದಲ್ಲಿ ರಾಗಿ ಹರವಿ ಅವಳ ಬೆರಳು ಹಿಡಿದು ಬರೆಸಿದೆ. ಸಂಜೆ ಬಂದ ಅಕ್ಷರ ಬೆಳಿಗ್ಗೆ ಇರುತ್ತಿರಲಿಲ್ಲ. ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಪುಟದ ಮೇಲಿಟ್ಟೆ. ಅದರಿಂದ ಸ್ವಲ್ಪ ಗುಣ ಕಂಡಿತು. ಮೂರು ಸಾಲು ನಿಜವಾಗಿ ಓದಿದಳು, ಬೆವರಿದಳು. ಮಾರನೆಯ ದಿನ ಅದೇ ಸಾಲುಗಳು ಅವಳಿಗೆ ಹೊಸದಾಗಿದ್ದವು. ನನ್ನ ರೀತಿ ತಪ್ಪೋ, ಅವಳಲ್ಲಿ ಏನೋ ಇಲ್ಲವೋ, ನಾನು ಸುಮ್ಮನೆ ಇಲ್ಲದ್ದನ್ನು ಹುಡುಕುತ್ತಿದ್ದೇನೋ, ಒಂದೂ ಗೊತ್ತಾಗುತ್ತಿರಲಿಲ್ಲ.

ವರ್ಷದ ಕೊನೆಗೆ ಒಂದು ಸಂಜೆ ಮೇಷ್ಟ್ರು ಮನೆಗೆ ಬಂದರು. ಯಳಂದೂರು ಕಡೆಯವರು, ಮೆತ್ತಗಿನ ಮನುಷ್ಯ. ಕಾಫಿ ಲೋಟ ಹಿಡಿದು ಬಹಳ ಹೊತ್ತು ಮಳೆ ಬೆಳೆ ಮಾತಾಡಿದರು.

"ನಾಳೆ ಇನ್ಸ್‌ಪೆಕ್ಟರು ಬತ್ತಾರೆ ಯಜಮಾನ್ರೆ. ಮಗೂನ ಕಳಿಸ್ಬ್ಯಾಡಿ."

"ಯಾಕ್ ಸಾ?" ಎಂದರು ಭಾವ.

"ಬಂದೋರು ಎಬ್ಬಿಸಿ ನಿಲ್ಸಿ ಓದುಸ್ತಾರೆ. ಬರ್ನಿಲ್ಲ ಅಂದ್ರೆ ನಾನು ಪಾಸ್ ಮಾಡಂಗಿಲ್ಲ. ಮಗು ಇಲ್ದಿದ್ರೆ ಜ್ವರ ಅಂತ ಬರ್ಕತೀನಿ. ಬಾಯಲ್ಲಿ ಎಲ್ಲಾ ಏಳ್ತಾಳೆ, ಆಮೇಲೆ ನಾನು ಪಾಸ್ ಮಾಡ್ತೀನಿ."

ನಿಧಾನವಾಗಿ ಕಲಿಯುವ ಮಕ್ಕಳನ್ನು ಆ ದಿನ ಮನೆಯಲ್ಲಿ ಉಳಿಸುವುದು ಅಲ್ಲಿ ಎಲ್ಲ ಮೇಷ್ಟ್ರುಗಳೂ ಮಾಡುತ್ತಿದ್ದ ಕೆಲಸ. ಭಾವ ನಕ್ಕರು. "ಜ್ವರುಕ್ಕೂ ಇನಿಸ್ಪೆಟ್ರು ಬರ ದಿನ ಗೊತ್ತಾಯ್ತದಾ ಮೇಷ್ಟ್ರೆ!" ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ಏಳವ್ವ. ವರ್ಷೆಲ್ಲಾ ಕೂರುಸ್ಕಂಡಿದ್ದೋಳು ನೀನು. ಕಳಿಸ್ಮಾ, ಬ್ಯಾಡ್ವಾ?"

ಬೆಳಿಗ್ಗೆ ಹೇಳುತ್ತೇನೆ ಎಂದೆ. ಕಳಿಸಿದರೆ ನಪಾಸು, ಅಲ್ಲಿಗೆ ಶಾಲೆ ಮುಗಿಯಿತು. ಕಳಿಸದಿದ್ದರೆ ಹನೂರಿನಲ್ಲಿ, ಅವಳನ್ನು ಬಲ್ಲ ಮೇಷ್ಟ್ರು ಯಾರೂ ಇಲ್ಲದ ಕಡೆ, ಪುಸ್ತಕ ಹಿಡಿದು ನಿಲ್ಲಬೇಕು.

ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಊಟವಾದ ಮೇಲೆ ನಾನು ಹಾಸಿಗೆ ಬಿಡಿಸುವಾಗ ಬಂದು ಪಕ್ಕದಲ್ಲಿ ನಿಂತಳು.

"ಚಿಕ್ಕವ್ವ, ನಾಳೆ ನಂಗೆ ಜ್ವರ ಬತ್ತದಾ?"

"ಗೊತ್ತಿಲ್ಲ."

"ನಂಗೆ ಓದಾಕೆ ಬರಾಕಿಲ್ವಾ?"

"ಓದುವುದು ಅಂದರೆ ಏನು ಅಂದುಕೊಂಡಿದ್ದೀಯ?"

ಅವಳು ಯೋಚಿಸಿದಳು. "ಮೇಷ್ಟ್ರು ಏಳ್ಕೊಡದು ಕೇಳುಸ್ಕಂಡು, ಪುಸ್ತಕ ನೋಡ್ಕಂಡು ಏಳದು. ಎಲ್ರೂ ಅಂಗೇ ಅಲ್ವಾ?"

ಉಳಿದವರಿಗೆ ಆ ಗೆರೆಗಳೇ ಮಾತಾಡುತ್ತವೆ ಎಂಬುದು ಅವಳಿಗೆ ಯಾರೂ ಹೇಳಿರದ ಸಂಗತಿ. ನಾನೂ ಹೇಳಿರಲಿಲ್ಲ, ಅದು ಹೇಳಬೇಕಾದ ವಿಷಯವೆಂದು ಹೊಳೆದಿರಲಿಲ್ಲ. ಆಗ ಹೇಳಬಹುದಿತ್ತು. ಆದರೆ ಹೇಳಿದರೆ ಅವಳ ಕೈಯಲ್ಲಿ ಇರುವುದೂ ಹೋಗಬಹುದು ಅನ್ನಿಸಿತು. ಮಲಗು ಎಂದೆ.

ಮರುದಿನ ಬೆಳಿಗ್ಗೆ ಭಾವ ಕೇಳುವ ಮೊದಲೇ, "ಕಳಿಸುವುದು ಬೇಡ," ಎಂದೆ. ಅಕ್ಕ ಅವಳ ಹಣೆಗೆ ಅಡ್ಡಲಾಗಿ ವಿಭೂತಿ ಹಚ್ಚಿ, ಕಂಬಳಿ ಹೊದಿಸಿ ಒಳಗೆ ಕೂರಿಸಿದಳು. ಪಕ್ಕದ ಮನೆಯ ಹುಡುಗಿಯೊಬ್ಬಳು ಹನೂರಿನಲ್ಲಿ ಆರನೇ ಕ್ಲಾಸು ಓದುತ್ತಿದ್ದಳು. ಅವಳು ಬಸ್ಸಿಗೆ ಹೊರಡುವ ಮುನ್ನ ಹೋಗಿ, ಹಿಂದಿನ ವರ್ಷದ ಐದನೇ ಕ್ಲಾಸಿನ ಪುಸ್ತಕ ಇದ್ದರೆ ಕೊಡು ಎಂದು ಕೇಳಿದೆ. "ಯಾರ್ಗೆ ಚಿಕ್ಕವ್ವ?" ಎಂದು ಕೇಳಿದಳು. ನನಗೇ ಎಂದೆ.

ಹಿತ್ತಿಲ ಬಾಗಿಲಲ್ಲಿ ಬೆಳಕಿತ್ತು. ಹುಡುಗಿಯನ್ನು ಅಲ್ಲಿಗೆ ಕರೆದು ಮೊದಲನೆಯ ಪಾಠ ತೆಗೆದೆ. ಬೆರಳಿಟ್ಟು ತೋರಿಸು ಎನ್ನಲಿಲ್ಲ. ನಾನೇ ಗಟ್ಟಿಯಾಗಿ, ನಿಧಾನವಾಗಿ ಓದತೊಡಗಿದೆ, ಅವಳ ಬಾಯಿಗೆ ಬರುವ ಹಾಗೆ.